ಮಣ್ಣು ಕಳಚಿ ಬಂದ ಬೇರು

ಹೊರದೇಶದ ಹಣ್ಣಿನ ಗಿಡವೊಂದನ್ನು ನಮ್ಮ ಹಿತ್ತಲಿಗೆ ತರಿಸಿಕೊಳ್ಳುವುದು ಧರ್ಮಾಧರ್ಮಗಳ ಪ್ರಶ್ನೆಯಾದೀತೇ? ಹಣ ಕೊಟ್ಟವರು ನಾವು, ನೆಲ ನಮ್ಮದು, ಹಣ್ಣು ತಿನ್ನುವವರು ನಮ್ಮ ಮೊಮ್ಮಕ್ಕಳು. ಇದರಲ್ಲಿ ಮೂರನೆಯವರ ಮಾತೇಕೆ? ಕೆಲವು ವರ್ಷಗಳ ಹಿಂದೆ ಯಾರಾದರೂ ಕೇಳಿದ್ದರೆ ನಾವೂ ಹೀಗೆಯೇ ಉತ್ತರಿಸುತ್ತಿದ್ದೆವು. ಇಂದು ಹಾಗೆ ಉತ್ತರಿಸಲಾರೆವು. ಅದರ ಕಾರಣವನ್ನು ಈ ಸಾಹಿತ್ಯ ಸಮ್ಮೇಳನದ ಸಂದರ್ಭದಲ್ಲಿ ಸಹೃದಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ನಿವೃತ್ತಿಯ ನಂತರ ಮಗನೊಡನೆ ಮಾಪುಸಾದ ಸಮೀಪ ನೆಲೆಸಿದ ಮೇಲೆ ನಮಗೆ ಹಿತ್ತಲೇ ಶಾಲೆಯಾಯಿತು. ಒಂದು ಮಳೆಗಾಲದಲ್ಲಿ ಅಲ್ಲಿದ್ದ ಹಳೆಯ ಹಲಸಿನ ಮರ ಉರುಳಿ ಜಾಗ ತೆರವಾಯಿತು. ಆಗ್ನೇಯ ಏಷ್ಯದಲ್ಲಿ ನೌಕರಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಆ ದಿನಗಳಲ್ಲಿ ನಮ್ಮನ್ನು ಕಾಣಲು ಬಂದಿದ್ದ. ಮ್ಯಾಂಗೋಸ್ಟೀನ್ ಹಣ್ಣಿನ ರುಚಿಯನ್ನು ಬಹುವಾಗಿ ವರ್ಣಿಸಿ, "ಸರ್, ನಾಲ್ಕು ಅಗಿ ಕಳಸ್ತೀನ್ರಿ. ಬೇರು ತೊಳದು, ಪಾಚಿಯೊಳಗ ಸುತ್ತಿ ಪೆಟ್ಟಿಗ್ಯಾಗ ಇಡ್ತಾರ. ಮ್ಯಾಲೆ ಅಲಂಕಾರದ ಸಾಮಾನು ಅಂತ ಬರೀತಾರ. ಕಾಗದಪತ್ರದ ಗೋಜು ಇರಂಗಿಲ್ರಿ" ಎಂದ. ಸುಳ್ಳು ಬರೆಯಬಾರದೆಂದು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಬೋಧಿಸಿದ ನಾವು ಆಗ ಸುಮ್ಮನಿದ್ದೆವು. ಮೌನವು ಸಮ್ಮತಿಯ ಲಕ್ಷಣವೆಂಬುದು ಗುರುವಿಗೂ ತಿಳಿದಿತ್ತು, ಶಿಷ್ಯನಿಗೂ ತಿಳಿದಿತ್ತು. ಇದೇ ಹಣ್ಣಿನ ಸಸಿಗಳು ನೆರೆಯ ಕೇರಳದಲ್ಲಿಯೇ ದೊರೆಯುತ್ತವೆಂಬುದನ್ನು ವಿಚಾರಿಸುವ ತಾಳ್ಮೆಯೂ ನಮಗಿರಲಿಲ್ಲ. ಕಡಲಾಚೆಯಿಂದ ಬರುವುದೆಂಬ ಮಾತಿನಲ್ಲಿಯೇ ಒಂದು ಮೋಹವಿದೆ.

ಪೆಟ್ಟಿಗೆ ಬಂದಿತು. ಮಣ್ಣಿನ ಕಣವೂ ಇಲ್ಲದ ಬೇರುಗಳು, ಅರ್ಧ ಕತ್ತರಿಸಿದ ಎಲೆಗಳು. ಹೀಗೆ ಬೇರು ತೊಳೆದು ಕಳಿಸುವ ಕ್ರಮ ಸಕಾರಣವಾದುದು. ಸಸಿಯೊಡನೆ ಮಣ್ಣು ಬರುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ. ಮಣ್ಣೆಂದರೆ ಬರಿಯ ಧೂಳಲ್ಲ. ಅದರಲ್ಲಿ ಬೇರು ಕೊಳೆಸುವ ಶಿಲೀಂಧ್ರಗಳೂ, ಬೇರಿಗೆ ಗಂಟು ತರುವ ಜಂತುಗಳೂ, ಕಳೆಯ ಬೀಜಗಳೂ, ಕೀಟಗಳ ಮೊಟ್ಟೆಗಳೂ ಇರಬಲ್ಲವು. ಆದುದರಿಂದ ಪಯಣಿಗ ಗಿಡವು ತನ್ನ ನೆಲವನ್ನು ತೊರೆದೇ ಬರಬೇಕು. ಸೇಬು, ಪೇರು ಮುಂತಾದ ಶೀತದೇಶದ ಮರಗಳಿಗೆ ಇದು ಸುಲಭ. ಅವು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತವೆ. ನಿದ್ರೆಯಲ್ಲಿಯೇ ಊರು ದಾಟಿ ಹೊಸ ನೆಲದಲ್ಲಿ ಎಚ್ಚರಗೊಳ್ಳುತ್ತವೆ. ಉಷ್ಣವಲಯದ ನಿತ್ಯಹರಿದ್ವರ್ಣದ ಮರಗಳಿಗೆ ಆ ನಿದ್ರೆಯಿಲ್ಲ. ಎಲೆಗಳು ನೀರನ್ನು ಆವಿಯಾಗಿಸುತ್ತಲೇ ಇರುತ್ತವೆ, ಬೇರಿಗೆ ಮಾತ್ರ ಕುಡಿಯಲು ನೆಲವಿಲ್ಲ. ಮ್ಯಾಂಗೋಸ್ಟೀನಿನ ಬೇರಂತೂ ಅತಿ ಸುಕುಮಾರ. ಅದಕ್ಕೆ ಬೇರುರೋಮಗಳು ವಿರಳ, ಅಲುಗಾಟವನ್ನು ಅದು ಸಹಿಸದು. ನಮ್ಮ ನಾಲ್ಕರಲ್ಲಿ ಮೂರು ಸಸಿಗಳು ತಿಂಗಳೊಳಗೆ ಒಣಗಿದವು.

ನಾಲ್ಕನೆಯದು ಚಿಗುರಿತು. ಆ ಚಿಗುರಿನ ಕಂಕುಳಲ್ಲಿ ಕೆಲವು ವಾರಗಳ ನಂತರ ಹತ್ತಿಯಂಥ ಬಿಳಿಯ ಹಿಟ್ಟು ಕಾಣಿಸಿತು. ಹಿಟ್ಟು ತಿಗಣೆ ಎಂದು ಗುರುತಿಸಲು ನಮಗೆ ತಡವಾಗಲಿಲ್ಲ. ಬಟ್ಟೆಯಿಂದ ಒರೆಸಿದೆವು, ಬೇವಿನೆಣ್ಣೆ ಸಿಂಪಡಿಸಿದೆವು, ಯಾರಿಗೂ ಹೇಳಲಿಲ್ಲ. ಹೇಳಿದರೆ ಗಿಡ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತಿತ್ತು. ಬೇಲಿಯಾಚೆ ಒಬ್ಬ ವೃದ್ಧೆಯ ಪಪ್ಪಾಯಿ ತೋಟವಿತ್ತು. ಅವರನ್ನು ನಾವು ಬಾಯಿ ಎಂದೇ ಕರೆಯುತ್ತೇವೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಅವರು ಹಣ್ಣು ಮಾರುತ್ತಾರೆ. ಹತ್ತು ಹನ್ನೆರಡು ಗಿಡಗಳ ಆದಾಯವೇ ಅವರ ಔಷಧಿಯ ಖರ್ಚು. ನಾವು ಈ ಊರಿಗೆ ಬಂದ ಮೊದಲ ದಿನ ಮನೆಗೆ ಹಣ್ಣು ತಂದುಕೊಟ್ಟವರೂ ಅವರೇ. ಆ ಬೇಸಗೆಯಲ್ಲಿ ಅವರ ಗಿಡಗಳಿಗೆ ಬಿಳಿ ಹಿಟ್ಟು ಹತ್ತಿ, ಎಲೆ ಮುರುಟಿ, ಕಾಯಿ ಉದುರಿದವು. "ಮಾಸ್ತರ್, ಯಾರ ಕಣ್ಣು ಬಿತ್ತೋ" ಎಂದು ಅವರು ಬೇಲಿಯ ಬಳಿ ನಿಂತು ಮರುಗಿದಾಗ ನಮ್ಮ ಬಾಯಿಂದ ಮಾತು ಹೊರಡಲಿಲ್ಲ.

ಅವರ ನಷ್ಟಕ್ಕೆ ನಮ್ಮ ಗಿಡವೇ ಕಾರಣವೆಂದು ಹೇಳಲಾರೆವು. ಪಪ್ಪಾಯಿಯ ಹಿಟ್ಟು ತಿಗಣೆ ಈ ದೇಶಕ್ಕೆ ಮೊದಲೇ ಬಂದುಬಿಟ್ಟಿತ್ತು. ಆದರೆ ಕಾರಣವಲ್ಲವೆಂದೂ ಹೇಳಲಾರೆವು. ಸರಿಯಾದ ದಾರಿಯಲ್ಲಿ ಬಂದ ಗಿಡವಾಗಿದ್ದರೆ ಪರೀಕ್ಷಿಸಿದವರ ಮಾತು ನಮ್ಮ ಕೈಯಲ್ಲಿರುತ್ತಿತ್ತು. ಕಳ್ಳದಾರಿಯಲ್ಲಿ ಬಂದದ್ದಕ್ಕೆ ಸಾಕ್ಷಿಯೆಲ್ಲಿ? ಅಪರಾಧ ಮಾಡಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವ ನೆಮ್ಮದಿಯನ್ನೂ ಸುಳ್ಳು ಕಸಿದುಕೊಳ್ಳುತ್ತದೆಂಬುದು ನಮಗೆ ಆಗ ಅರಿವಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕಡಲಾಚೆಯಿಂದ ಗಿಡ ತರುವುದೇ ತಪ್ಪೆಂದರೆ ಗೋವಾದ ಊಟದ ಎಲೆಯಲ್ಲಿ ಉಳಿಯುವುದೇನು? ಗೇರುಮರವನ್ನು ಪೋರ್ಚುಗೀಸರು ಬ್ರೆಜಿಲಿನಿಂದ ತಂದರು. ಇಂದು ಅದರ ಫೆನಿಗೆ ಭೌಗೋಳಿಕ ಸೂಚಕದ ಮನ್ನಣೆಯಿದೆ. ಅನಾನಸು, ಪೇರಲ, ಪಪ್ಪಾಯಿ, ಮೆಣಸಿನಕಾಯಿಗಳೆಲ್ಲ ಅಮೆರಿಕ ಖಂಡದವು. ನಮ್ಮ ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರೂ ಅಲ್ಲಿಯವರೇ. ಸೀತಾಫಲವೂ ಅಲ್ಲಿಂದಲೇ ಬಂದುದು. ಅದಕ್ಕೆ ನಮ್ಮವರು ಸೀತಾದೇವಿಯ ಹೆಸರಿಟ್ಟು ಮನೆಯ ಮಗಳನ್ನಾಗಿಸಿದರು. ಪಪ್ಪಾಯಿಯನ್ನು ಮಾತ್ರ ಕನ್ನಡನಾಡಿನ ಹಲವೆಡೆ ಇಂದಿಗೂ ಪರಂಗಿ ಹಣ್ಣೆನ್ನುತ್ತೇವೆ. ಎಷ್ಟೋ ತಲೆಮಾರುಗಳ ನಂತರವೂ ಅದು ಹೆಸರಿನಲ್ಲಿ ವಿದೇಶಿಯೇ. ಇನ್ನು ಚಿಕ್ಕಮಗಳೂರಿನ ಬೆಟ್ಟಕ್ಕೆ ಬಾಬಾ ಬುಡನ್‌ರು ಏಳು ಕಾಫಿ ಬೀಜಗಳನ್ನು ಅರಬ್ಬರ ಕಣ್ತಪ್ಪಿಸಿ ತಂದರೆಂಬ ಐತಿಹ್ಯವನ್ನು ನಾವೇ ಪಾಠವಾಗಿ ಹೇಳಿದ್ದೇವೆ, ಮಕ್ಕಳು ಸಂತೋಷದಿಂದ ಕೇಳಿದ್ದಾರೆ. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ?

ಹೌದು, ನ್ಯಾಯ ಬೇರೆಯೇ. ಮೊದಲನೆಯದಾಗಿ, ಅರಿವು ಬೆಳೆದಂತೆ ಹೊಣೆಯೂ ಬೆಳೆಯುತ್ತದೆ. 1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗವು ಮುಂದಿನ ಎರಡು ದಶಕಗಳಲ್ಲಿ ಆ ದ್ವೀಪದ ಕಾಫಿ ಬೆಳೆಯನ್ನೇ ಅಳಿಸಿ, ಅಲ್ಲಿ ಚಹಾ ನೆಡುವಂತೆ ಮಾಡಿತು. ಕಣ್ಣಿಗೆ ಕಾಣದ ಧೂಳೊಂದು ಒಂದು ನಾಡಿನ ಬದುಕನ್ನು ಮಗುಚಬಲ್ಲದೆಂದು ಜಗತ್ತು ಕಲಿತದ್ದು ಇಂಥ ಪೆಟ್ಟುಗಳಿಂದ. ನಮ್ಮ ದೇಶದಲ್ಲಿ ವಿನಾಶಕಾರಿ ಕೀಟಗಳ ಕಾಯಿದೆ ಬಂದದ್ದು 1914ರಲ್ಲಿ. ಅದರಡಿಯಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶವಿದೆ. ಮೊದಲೇ ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಳಿದಲ್ಲಿ ತಪಾಸಣೆ, ಅಗತ್ಯವಿದ್ದರೆ ಕೆಲವು ಕಾಲ ಪ್ರತ್ಯೇಕವಾಗಿ ಬೆಳೆಸಿ ನೋಡುವುದು, ಇವು ಅದರ ಕ್ರಮ. ಬಾಬಾ ಬುಡನ್‌ರಿಗೆ ಇದೊಂದೂ ತಿಳಿದಿರಲು ಸಾಧ್ಯವಿರಲಿಲ್ಲ. ನಮಗೆ ತಿಳಿದಿತ್ತು, ಅಥವಾ ತಿಳಿಯಬಹುದಾಗಿತ್ತು.

ಎರಡನೆಯದಾಗಿ, ಲಾಭ ಯಾರದು, ಅಪಾಯ ಯಾರದು ಎಂಬ ಪ್ರಶ್ನೆ. ಹಣ್ಣು ನಮಗೆ, ತಿಗಣೆ ನೆರೆಮನೆಗೆ ಎಂಬ ವ್ಯವಸ್ಥೆ ಯಾವ ಧರ್ಮಕ್ಕೂ ಒಪ್ಪದು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿ ಹಿಟ್ಟು ತಿಗಣೆ ತಮಿಳುನಾಡು, ಕರ್ನಾಟಕಗಳಲ್ಲಿ ಹರಡಿ, ಪಪ್ಪಾಯಿಯನ್ನಷ್ಟೇ ಅಲ್ಲದೆ ಹಿಪ್ಪುನೇರಳೆಯನ್ನೂ ಮುತ್ತಿ ರೇಷ್ಮೆ ಬೆಳೆಗಾರರನ್ನೂ ಕಂಗೆಡಿಸಿತು. ಅದು ಯಾರ ಪೆಟ್ಟಿಗೆಯಲ್ಲಿ ಬಂತೆಂದು ಆ ಬೆಳೆಗಾರರು ಯಾರನ್ನು ಕೇಳಬೇಕು? ಗಮನಿಸಬೇಕಾದುದೆಂದರೆ ಅದರ ಪರಿಹಾರವೂ ಕಡಲಾಚೆಯಿಂದಲೇ ಬಂತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು 2010ರಲ್ಲಿ ಪೋರ್ಟೊರಿಕೊದಿಂದ ಪುಟ್ಟ ಕಣಜಗಳನ್ನು ಅನುಮತಿ ಪಡೆದು ತರಿಸಿ, ಕ್ವಾರಂಟೈನಿನಲ್ಲಿರಿಸಿ ಪರೀಕ್ಷಿಸಿ, ಅನಂತರ ತೋಟಗಳಿಗೆ ಬಿಟ್ಟರು. ತಿಗಣೆಯ ಹಾವಳಿ ತಗ್ಗಿತು. ಕೀಟವೂ ವಿದೇಶಿ, ಕಣಜವೂ ವಿದೇಶಿ. ಒಂದು ಅಡಗಿ ಬಂತು, ಇನ್ನೊಂದು ಹೇಳಿ ಬಂತು. ಆದುದರಿಂದ ಪ್ರಶ್ನೆ ಸ್ವದೇಶಿ ವಿದೇಶಿಗಳದಲ್ಲ. ಪೆಟ್ಟಿಗೆಯ ಮೇಲಿನ ಬರಹ ಸತ್ಯವೋ ಅಲ್ಲವೋ ಎಂಬುದು.

ಇದನ್ನು ನಮಗೆ ಸ್ಪಷ್ಟಗೊಳಿಸಿದವರು ಆ ಬಾಯಿಯೇ. ಒಂದು ವರ್ಷ ಕಳೆದ ಮೇಲೆ, ಮನಸ್ಸು ತಡೆಯದೆ ಅವರ ಮನೆಗೆ ಹೋಗಿ ನಡೆದುದೆಲ್ಲವನ್ನೂ ಹೇಳಿದೆವು. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲೇ ಹೇಳಿದ್ದರೆ ಉಳಿದ ಗಿಡಗಳಿಗಾದರೂ ಮದ್ದು ಹೊಡೆಸುತ್ತಿದ್ದೆ, ಮಾಸ್ತರ್" ಎಂದರು. ಅಷ್ಟೇ. ಸತ್ಯವನ್ನು ಹೇಳುವವನ ಗುಣವೆಂದು ಜೀವನವಿಡೀ ಬೋಧಿಸಿದ್ದೆವು. ಅದು ಕೇಳುವವನ ಹಕ್ಕೆಂದು, ತನ್ನನ್ನು ಕಾಪಾಡಿಕೊಳ್ಳಲು ಅವನಿಗಿರುವ ಏಕೈಕ ಸಾಧನವೆಂದು ಕಲಿಸಲು ಆ ಒಂದು ವಾಕ್ಯ ಬೇಕಾಯಿತು. ತಡವಾದ ಸತ್ಯ ಹೇಳಿದವನ ಮನಸ್ಸನ್ನು ಹಗುರಗೊಳಿಸೀತು. ಒಣಗಿದ ಗಿಡವನ್ನು ಚಿಗುರಿಸದು.

ಈ ದೃಷ್ಟಾಂತವನ್ನು ವಲಸೆ ಬಂದ ಮನುಷ್ಯರಿಗೆ ಅನ್ವಯಿಸುವ ಆಸೆ ಕೆಲವರಿಗೆ ಆಗಬಹುದು. ಅಲ್ಲಿ ಎಚ್ಚರ ಬೇಕು. ಪಣಜಿಯ ಉದ್ಯಾನವೊಂದು ಗಾರ್ಸಿಯಾ ದ ಓರ್ತಾ ಎಂಬ ವೈದ್ಯನ ಹೆಸರನ್ನು ಹೊತ್ತಿದೆ. 1534ರಲ್ಲಿ ಗೋವಾಕ್ಕೆ ಬಂದ ಆತ ಇಲ್ಲಿನ ಗಿಡಮೂಲಿಕೆ, ಹಣ್ಣುಹಂಪಲುಗಳ ಬಗ್ಗೆ ಬರೆದ ಸಂವಾದರೂಪದ ಗ್ರಂಥ 1563ರಲ್ಲಿ ಇಲ್ಲಿಯೇ ಅಚ್ಚಾಯಿತು. ಆತ ಯಹೂದಿ ಮೂಲದವನು, ಗುಟ್ಟಾಗಿ ತನ್ನ ಧರ್ಮವನ್ನು ಉಳಿಸಿಕೊಂಡವನು ಎಂಬ ಕಾರಣಕ್ಕೆ, ಸತ್ತ ಹನ್ನೆರಡು ವರ್ಷಗಳ ಮೇಲೆ, 1580ರಲ್ಲಿ, ಅವನ ಎಲುಬುಗಳನ್ನು ಗೋರಿಯಿಂದ ತೆಗೆದು ಸುಟ್ಟರು. ಕಡಲಾಚೆಯ ಗಿಡಗಳಿಗೆ ಬಂದರು ತೆರೆದ ಆಳ್ವಿಕೆಯೇ ಮನುಷ್ಯನ ಬೇರನ್ನು ಶೋಧಿಸಲು ಹೊರಟಿತು. ಗಿಡಕ್ಕೆ ಮಾಡುವ ತಪಾಸಣೆಯನ್ನು ಮನುಷ್ಯನ ಕುಲಕ್ಕೆ ಮಾಡುವುದು ಘೋರ ಅನ್ಯಾಯ. ಗದಗ, ಕೊಪ್ಪಳ, ವಿಜಯಪುರಗಳಿಂದ ಬಂದು ಈ ನಾಡಿನ ರಸ್ತೆ, ಕಟ್ಟಡಗಳಿಗೆ ಬೆವರು ಸುರಿಸಿದ ನಮ್ಮವರನ್ನು ಯಾರಾದರೂ 'ಘಾಂಟಿ' ಎಂದು ಹೀಯಾಳಿಸಿದಾಗ ನೋವಾಗುವುದು ಅದಕ್ಕಾಗಿಯೇ.

ಆದರೂ ನಾವು ನಮಗೆ ಕೇಳಿಕೊಳ್ಳಬಹುದಾದ ಒಂದು ಪ್ರಶ್ನೆ ಉಳಿದೇ ಇದೆ. ಘಟ್ಟ ಇಳಿದು ಬರುವಾಗ ಭಾಷೆಯೆಂಬ ಬೇರನ್ನು ತಂದೆವು, ಸಂತೋಷ. ಅದಕ್ಕೆ ಅಂಟಿದ ಜಾತಿಯ ಬಿಗುಮಾನ, ಊರೂರಿನ ಪಕ್ಷ, ಒಂದು ಸಂಘವನ್ನು ಎರಡಾಗಿಸುವ ಜಗಳ, ಈ ಮಣ್ಣನ್ನು ತೊಳೆದು ಬಂದಿದ್ದೇವೆಯೇ? ಇದನ್ನು ಇನ್ನೊಬ್ಬರು ನಮ್ಮನ್ನು ಕೇಳುವಂತಿಲ್ಲ. ನಾವೇ ಕೇಳಿಕೊಳ್ಳಬೇಕು.

ಆ ನಾಲ್ಕನೆಯ ಸಸಿಯನ್ನು ಕಿತ್ತು ಸುಟ್ಟೆವು. ಬಾಯಿಯ ತೋಟಕ್ಕೆ ಹೊಸ ಪಪ್ಪಾಯಿ ಸಸಿಗಳನ್ನು ನಾವೇ ತಂದು, ಗುಂಡಿ ತೋಡಿ ನೆಟ್ಟುಕೊಟ್ಟೆವು. ಹಲಸಿನ ಮರವಿದ್ದ ಜಾಗದಲ್ಲಿ ಈಗ ಕೇರಳದಿಂದ ರಸೀದಿಯೊಡನೆ ತಂದ ಒಂದು ಮ್ಯಾಂಗೋಸ್ಟೀನ್ ಇದೆ. ಬಹು ನಿಧಾನವಾಗಿ ಬೆಳೆಯುವ ಮರ. ಹಣ್ಣಿಗೆ ಎಂಟು ಹತ್ತು ವರ್ಷ ಬೇಕು. ನಾವು ಅದನ್ನು ತಿನ್ನುತ್ತೇವೆಂಬ ಭರವಸೆಯಿಲ್ಲ. ಎಲೆ ಸ್ವಲ್ಪ ಬಾಡಿದರೂ ಬೇಲಿಯ ಬಳಿ ಹೋಗಿ ಬಾಯಿಯನ್ನು ಕರೆದು ತೋರಿಸುತ್ತೇವೆ.