ಬಂಧುಗಳಿಲ್ಲದ ಪಿತೃಗಳು

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ನೂರಾರು ಕಲ್ಲುಮನೆಗಳಿವೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದವು. ಎರಡು ಸಾವಿರ ವರ್ಷಗಳಿಗೂ ಹಿಂದಿನವು. ವಿದ್ವಾಂಸರು ಇವನ್ನು ಬೃಹತ್ ಶಿಲಾ ಸಮಾಧಿಗಳೆನ್ನುತ್ತಾರೆ. ಸರಕಾರ ಸಂರಕ್ಷಿತ ಸ್ಮಾರಕವೆನ್ನುತ್ತದೆ. ಸುತ್ತಣ ಹಳ್ಳಿಯವರಿಗೆ ಮಾತ್ರ ಇವು ಮೊರೇರ ಮನೆಗಳು.

ಮನೆ ಎಂಬ ಮಾತು ಸುಳ್ಳಲ್ಲ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥ ಕಾಲದ ಸಮಾಧಿಗಳನ್ನು ಅಗೆಸಿದಾಗ, ಒಂದೇ ಕಲ್ಲುಗೂಡಿನಲ್ಲಿ ಹಲವರ ಎಲುಬುಗಳು ಸಿಕ್ಕವು. ಜೊತೆಗೆ ಮಡಕೆಗಳು, ಕಬ್ಬಿಣದ ಆಯುಧಗಳು. ಯಾರೋ ತಮ್ಮವರ ಎಲುಬುಗಳನ್ನು ಆಯ್ದು ತಂದು, ಬೇಕಾದುದನ್ನೆಲ್ಲ ಇಟ್ಟು ಹೋಗಿದ್ದರು.

ಆ ಸತ್ತವರಿಗೆ ನಾವು ಏನಾದರೂ ಸಲ್ಲಿಸಬೇಕೆ? ಶ್ರಾದ್ಧದಲ್ಲಿ ಹೆಸರು ಹಿಡಿದು ಕರೆಯುವುದು ಮೂರು ತಲೆಮಾರಿನವರನ್ನು. ಇವರ ಹೆಸರೇ ಉಳಿದಿಲ್ಲ, ಕರೆಯುವವರೂ ಇಲ್ಲ. ಆದರೂ ತರ್ಪಣದ ಕೊನೆಯಲ್ಲಿ ಬಂಧುಗಳಿಲ್ಲದವರಿಗೆಂದು ಒಂದಿಷ್ಟು ನೀರು ಬಿಡುವುದುಂಟು. ನೆನೆಯುವವರಿಲ್ಲದವನನ್ನು ನೆನೆಯುವುದು ಎಲ್ಲರ ಕರ್ತವ್ಯವೆಂದು ಹಿರಿಯರು ಬಗೆದಂತೆ ಕಾಣುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ, ತಿಳಿದೋ ತಿಳಿಯದೆಯೋ, ಅಂಥದೊಂದು ತರ್ಪಣವೇ. ನಿಧಿಯಾಸೆಗೆ ಗೋರಿ ಒಡೆಯುವವನ ಹಾರೆಗೆ ಅದು ಅಡ್ಡ ನಿಲ್ಲುತ್ತದೆ.

ಆದರೆ ಇನ್ನೊಂದು ಮುಖವಿದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆ ಇನ್ನೂ ಇನ್ನೂರು ಮೀಟರು ಅಪ್ಪಣೆ ಬೇಕು. ಬೆಟ್ಟದ ಮೇಲೆ ಇದು ಯಾರಿಗೂ ತೊಡಕಲ್ಲ. ಊರಿನ ಅಂಚಿನಲ್ಲಿ, ಹೊಲದ ನಡುವೆ ಇರುವ ಸ್ಮಾರಕದ ಮಾತು ಬೇರೆ. ಮಗಳ ಮದುವೆಗೆ ಮುಂಚೆ ಎರಡು ಅಂಕಣ ಹಾಕಿಕೊಳ್ಳಬೇಕೆನ್ನುವ ರೈತನಿಗೆ ಸತ್ತವರ ಮನೆ ಬದುಕಿರುವವರ ಮನೆಗೆ ಅಡ್ಡವಾಗುತ್ತದೆ. ಅವನು ಗೊಣಗಿದರೆ, ಇತಿಹಾಸಪ್ರಜ್ಞೆ ಇಲ್ಲದವನೆಂದು ಪಟ್ಟಣದ ನಾವು ಜರೆಯುತ್ತೇವೆ. ನಮ್ಮ ಹಿತ್ತಿಲಲ್ಲಿ ಗೋರಿ ಇಲ್ಲ. ಆದ್ದರಿಂದ ನಮ್ಮ ಇತಿಹಾಸಪ್ರೇಮಕ್ಕೆ ಖರ್ಚಿಲ್ಲ.

ಸತ್ತವರೋ ಬದುಕಿರುವವರೋ ಎಂದು ಆರಿಸಬೇಕಾದ ಪ್ರಶ್ನೆ ಇದಲ್ಲ. ಗೋರಿ ಒಮ್ಮೆ ಕೆಟ್ಟರೆ ಮತ್ತೆ ಕಟ್ಟುವವರಿಲ್ಲ, ಅದು ಉಳಿಯಲೇಬೇಕು. ಆದರೆ ಅದು ಎಲ್ಲರ ಆಸ್ತಿಯಾದರೆ, ಅದನ್ನು ಉಳಿಸುವ ಭಾರವೂ ಎಲ್ಲರದಾಗಬೇಕು. ಆ ರೈತನಿಗೆ ಬೇರೆ ನಿವೇಶನವನ್ನೋ ತಕ್ಕ ಪರಿಹಾರವನ್ನೋ ಕೊಡುವುದು ದಯೆಯಲ್ಲ, ಸಾಲ ತೀರಿಸುವುದು. ತರ್ಪಣ ಬಿಡುವವನು ತನ್ನ ಕೈಯ ನೀರನ್ನೇ ಬಿಡಬೇಕು, ನೆರೆಯವನ ಬಿಂದಿಗೆಯದನ್ನಲ್ಲ.