ಮಿತವ್ಯಯದ ದೀಪ

ಮಿತವ್ಯಯವು ಸದ್ಗುಣವೆಂಬುದರಲ್ಲಿ ವಿವಾದವಿಲ್ಲ. ಆದರೆ ಒಬ್ಬನು ಉಳಿಸಿದುದರ ಬೆಲೆಯನ್ನು ಇನ್ನೊಬ್ಬನು ತೆರಬೇಕಾಗಿ ಬಂದಲ್ಲಿ ಅದು ಸದ್ಗುಣವಾಗಿಯೇ ನಿಲ್ಲುವುದೋ ಎಂಬುದು ವಿಚಾರಮಾಡತಕ್ಕ ಸಂಗತಿ. ಈ ಶತಮಾನದ ಆರಂಭದಲ್ಲಿ ಮನೆಮನೆಗೆ ಬಂದು, ಈಗ ಹಿಂದೆ ಸರಿಯುತ್ತಿರುವ ಸಿ. ಎಫ್. ಎಲ್. ದೀಪವು ಇದಕ್ಕೆ ಒಳ್ಳೆಯ ನಿದರ್ಶನ.

ಹಳೆಯ ತಂತಿಯ ಬಲ್ಬು ತಾನು ನುಂಗಿದ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿ ಕಳೆಯುವುದು. ಅದು ೬೦ ವಾಟುಗಳಲ್ಲಿ ಕೊಡುವ ಬೆಳಕನ್ನು ಹೊಸ ದೀಪವು ಸುಮಾರು ೧೪ ವಾಟುಗಳಲ್ಲಿಯೇ ಕೊಟ್ಟಿತು. ೨೦೦೯ರಲ್ಲಿ ಭಾರತ ಸರ್ಕಾರವು ‘ಬಚತ್ ಲ್ಯಾಂಪ್ ಯೋಜನೆ’ಯ ಮೂಲಕ, ಹೆಚ್ಚುಕಡಮೆ ತಂತಿಯ ಬಲ್ಬಿನ ಬೆಲೆಗೇ, ಇದನ್ನು ಮನೆಗಳಿಗೆ ಒದಗಿಸಹೊರಟಿತು. ಆದರೆ ಈ ಬೆಳಕಿನ ಮೂಲವು ಪಾದರಸ. ಕೊಳವೆಯೊಳಗಿನ ಅದರ ಆವಿಯಲ್ಲಿ ವಿದ್ಯುತ್ತು ಹರಿದಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಹೊರಡುವುವು. ಗಾಜಿನ ಒಳಮೈಗೆ ಬಳಿದ ಪುಡಿಯು ಅವನ್ನು ಬೆಳಕಾಗಿ ಮಾರ್ಪಡಿಸುವುದು. ಒಂದೊಂದು ದೀಪದಲ್ಲಿರುವ ಪಾದರಸವು ಕೆಲವೇ ಮಿಲಿಗ್ರಾಮು, ಸೂಜಿಯ ಮೊನೆಯಷ್ಟು. ಕೊಳವೆಯು ಒಡೆಯುವ ತನಕ ಮನೆಯಲ್ಲಿ ಯಾರಿಗೂ ಅದರಿಂದ ಕೇಡಿಲ್ಲ. ಅದು ಒಡೆಯುವುದು ಎಲ್ಲಿ, ಯಾರ ಕೈಯಲ್ಲಿ ಎಂಬುದೇ ಪ್ರಶ್ನೆ.

ದೀಪದ ಪಕ್ಷವನ್ನು ವಹಿಸುವವರ ವಾದವು ಹಗುರವಾದುದಲ್ಲ. ಕಲ್ಲಿದ್ದಲಿನಲ್ಲಿಯೂ ಪಾದರಸವುಂಟು, ಅದನ್ನು ಸುಟ್ಟಾಗ ಹೊಗೆಯೊಡನೆ ಗಾಳಿಗೆ ಸೇರುವುದು. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂತಹ ಕಡೆಗಳಲ್ಲಿ ಉರಿಯುವ ಕಲ್ಲಿದ್ದಲು ಕಡಮೆಯಾದಷ್ಟೂ ಆ ವಿಷವು ಕಡಮೆಯಾಗುವುದು. ಆದುದರಿಂದ ದೀಪದೊಳಗಿನ ಪಾದರಸವನ್ನು ಕೂಡಿಸಿ ನೋಡಿದರೂ ಒಟ್ಟಿನಲ್ಲಿ ಲೋಕಕ್ಕೆ ಲಾಭವೇ ಎಂದು ಅವರು ಹೇಳುವರು. ಲೆಕ್ಕವೇನೋ ಸರಿ. ಆದರೆ ಲೋಕವೆಂಬುದು ಒಂದೇ ಶರೀರವಲ್ಲ. ಚಿಮಣಿಯ ಹೊಗೆಯು ದೂರ ಹರಡಿ ತೆಳುವಾಗುವುದು. ಒಡೆದ ಕೊಳವೆಯ ಆವಿಯು ತಿಪ್ಪೆಯಲ್ಲಿ ಗಾಜನ್ನು ಆಯುವವನ ಮೂಗಿನ ಬಳಿಯಲ್ಲಿಯೇ ಏಳುವುದು. ಸ್ಥಾವರದ ನೆರೆಯವನಿಗಾದ ಉಪಕಾರವನ್ನು ತೋರಿಸಿ, ಗಾಜು ಆಯುವವನಿಗಾದ ಅಪಕಾರವನ್ನು ತೀರಿಸಬರುವುದಿಲ್ಲ. ಇವರಿಬ್ಬರನ್ನೂ ಯಾರೂ ಕೇಳಿದುದಿಲ್ಲ. ಹಣವುಳಿದುದು ಮಾತ್ರ ಮೂರನೆಯವನಿಗೆ.

ಅಲ್ಪವೆಂದು ತಳ್ಳಿಹಾಕುವುದಕ್ಕೆ ಪಾದರಸವು ತಕ್ಕ ಪದಾರ್ಥವಲ್ಲ. ಜಪಾನಿನ ಮಿನಾಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದ ಸಂಯುಕ್ತವು ಮೀನುಗಳಲ್ಲಿ ಸೇರಿ, ಮೀನನ್ನುಂಡವರ ನರಗಳನ್ನು ಕೆಡಿಸಿತು. ತಾಯಂದಿರ ಗರ್ಭದಲ್ಲಿದ್ದ ಶಿಶುಗಳನ್ನೂ ಬಿಡಲಿಲ್ಲ. ಆ ವ್ಯಾಧಿಯು ಬೆಳಕಿಗೆ ಬಂದುದು ೧೯೫೬ರಲ್ಲಿ. ಒಂದು ದೀಪಕ್ಕೂ ಆ ಮಹಾವಿಪತ್ತಿಗೂ ಹೋಲಿಕೆಯಿಲ್ಲವೆಂಬುದು ನಿಜ. ಆದರೂ ೨೦೧೩ರಲ್ಲಿ ಆ ಊರಿನ ಹೆಸರಿನಲ್ಲಾದ ಒಪ್ಪಂದವು ದೀಪಗಳನ್ನೂ ಗಣನೆಗೆ ತೆಗೆದುಕೊಂಡಿತು. ಮನೆಗಳಲ್ಲಿ ಬಳಸುವ ಸಾಮಾನ್ಯ ಸಿ. ಎಫ್. ಎಲ್. ದೀಪಗಳ ತಯಾರಿಕೆಯನ್ನು ೨೦೨೫ರೊಳಗೆ ನಿಲ್ಲಿಸತಕ್ಕದ್ದೆಂದು ಅದರ ಸದಸ್ಯ ರಾಷ್ಟ್ರಗಳು ೨೦೨೨ರಲ್ಲಿ ತೀರ್ಮಾನಿಸಿದುವು.

ಅವುಗಳ ಸ್ಥಾನಕ್ಕೆ ಬಂದ ಎಲ್. ಇ. ಡಿ. ದೀಪದಲ್ಲಿ ಪಾದರಸವಿಲ್ಲ. ಆದರೆ ಹಳೆಯ ಕೊಳವೆಗಳು ಅಟ್ಟಗಳಲ್ಲಿಯೂ ಮೂಲೆಗಳಲ್ಲಿಯೂ ಇನ್ನೂ ಉಳಿದಿವೆ. ದೀಪವು ಆರಿತೆನ್ನಲು ಬಾಯಿಬಾರದೆ ಶಾಂತವಾಯಿತೆನ್ನುವ ಮನೆಗಳು ನಮ್ಮ ನಾಡಿನಲ್ಲಿ ಉಂಟಷ್ಟೆ. ಅಂತಹ ಮನೆಯಿಂದಲೇ ಕೆಟ್ಟ ಕೊಳವೆಯು ಹಣ್ಣಿನ ಸಿಪ್ಪೆಯೊಡನೆ ಬೀದಿಗೆ ಬೀಳುವುದು. ಅದನ್ನು ಒಡೆಯದಂತೆ ಕಾಗದದಲ್ಲಿ ಸುತ್ತಿಟ್ಟು, ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವ ಕಡೆಗೆ ಮುಟ್ಟಿಸುವ ಶ್ರಮವೂ ದೀಪದ ಬೆಲೆಯಲ್ಲಿ ಸೇರಿಯೇ ಇದ್ದಿತು. ಕೊಂಡ ದಿನ ಅದನ್ನು ಯಾರೂ ಎಣಿಸಿ ಕೊಡಲಿಲ್ಲ.