ಕಹಿ ಯಾವೂರದು?

ಬಸವನಗುಡಿ, ಮಲ್ಲೇಶ್ವರದ ಮಂದಿಗೆ ಕಹಿ ಹೊಸದಲ್ಲ. ಯುಗಾದಿಯ ದಿನ ಬೇವು ಮೊದಲು, ಒಬ್ಬಟ್ಟು ಆಮೇಲೆ. ಹಾಗಲಕಾಯಿ ಗೊಜ್ಜಿಗೆ ಎಷ್ಟು ಬೆಲ್ಲ ಸುರಿದರೂ ಕಹಿ ಒಂದಿಷ್ಟು ಉಳಿಯಲೇಬೇಕು, ಇಲ್ಲವಾದರೆ ಮಾಡಿದವರ ಕೈಗುಣದ ಬಗ್ಗೆ ಮಾತು ಏಳುತ್ತದೆ. ಕಾಫಿಪುಡಿ ಅಂಗಡಿಯವರು ಚಿಕೋರಿ ಎಷ್ಟು ಹಾಕಲಿ ಎಂದು ಕೇಳಿಯೇ ಪೊಟ್ಟಣ ಕಟ್ಟುತ್ತಾರೆ. ಬಿಯರಿನ ಕಹಿಯ ವಿಷಯಕ್ಕೆ ಬಂದರೆ ಮಾತ್ರ ಈ ಬಡಾವಣೆಗಳು ಬಾಯಿ ಬಿಡುವುದಿಲ್ಲ. ಕುಡಿಯುವವರಿಲ್ಲ ಎಂದಲ್ಲ; ಅದಕ್ಕೆ ಇಂದಿರಾನಗರದ ಕಡೆ ಹೋಗುತ್ತಾರೆ, ಅಷ್ಟೆ.

ಆ ಕಡೆಯ ಮೈಕ್ರೋಬ್ರೂವರಿಗಳಲ್ಲಿ ಈಗ ‘ಲೋಕಲ್’ ಎಂಬುದಕ್ಕೆ ಬಲು ಬೆಲೆ. ರಾಗಿ ಹಾಕಿದ ಬಿಯರ್, ಮಾವಿನ ಹಣ್ಣಿನದು, ಕಾಫಿಯದು. ಎಲ್ಲ ಸರಿ, ಇದರ ಕಹಿ ಯಾವೂರದು ಎಂದು ಕೇಳಿ ನೋಡಿ. ಬಹುಪಾಲು ಜರ್ಮನಿಯದೋ ಅಮೆರಿಕದ್ದೋ ಆಗಿರುತ್ತದೆ. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಬಳ್ಳಿಯ ಹೂಗೊಂಚಲು. ಒಣಗಿಸಿ, ಪುಡಿ ಮಾಡಿ, ಗುಳಿಗೆ ಒತ್ತಿ ಪ್ಯಾಕೆಟ್ಟಿನಲ್ಲಿ ಕಳಿಸುತ್ತಾರೆ. ಗಾಂಜಾ ಗಿಡದ ದಾಯಾದಿಯಾದ ಈ ಬಳ್ಳಿಗೆ ಬೇಸಿಗೆಯಲ್ಲಿ ಉದ್ದನೆಯ ಹಗಲು ಬೇಕು. ಜೂನ್ ತಿಂಗಳಲ್ಲೂ ಬೆಂಗಳೂರಿನ ಹಗಲು 13 ಗಂಟೆ ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದು ಒಗ್ಗಿಕೊಂಡದ್ದು ಹಿಮಾಚಲದ ಲಾಹೌಲ್ ಕಣಿವೆಯಂಥ ಕಡೆ. ಇಂಗ್ಲೆಂಡಿನಲ್ಲಾದರೆ ಬೇಲಿಯ ಮೇಲೆ ತಾನಾಗಿ ಹಬ್ಬಿದ ಹಾಪ್ಸ್ ಕಿತ್ತು ತಂದು ಸಣ್ಣ ಹಂಡೆಯಲ್ಲಿ ಬಿಯರೋ ಜಿನ್ನೋ ಮಾಡಿ ಹೆಮ್ಮೆಪಡಬಹುದು. ಬ್ಯೂಗಲ್ ರಾಕಿನ ಬಂಡೆ ಸಂದಿಯಲ್ಲಿ ಹುಡುಕಿದರೆ ಸಿಗುವ ಸರಕಲ್ಲ ಅದು.

ಹಾಗಂತ ನಮ್ಮ ಕುರುಚಲು ಕಾಡು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಸಾವನದುರ್ಗ, ರಾಮನಗರದ ಬೆಟ್ಟಗಳ ಬುಡದಲ್ಲಿ ಆಳೆತ್ತರಕ್ಕೆ ನಿಂತಿರುವ ಬಂದ್ರೆ ಗಿಡವನ್ನು ಗಮನಿಸಿದ್ದೀರಾ? ಬಂದರಿಕೆ ಎಂದೂ ಕರೆಯುತ್ತಾರೆ. ಎಲೆ ಕಿರಿದು, ವಾರ್ನಿಶ್ ಬಳಿದ ಹಾಗೆ ಹೊಳಪು. ಹೊಸಕಿದರೆ ಬೆರಳಿಗೆ ಅಂಟು. ಕಾಯಿಗೆ ಕಾಗದದಷ್ಟು ತೆಳುವಾದ ಮೂರು ರೆಕ್ಕೆ. ಹಸಿರಿದ್ದದ್ದು ಕೆಂಪಡರಿ, ಒಣಗುವ ಹೊತ್ತಿಗೆ ಕಂದಾಗಿ, ಗಾಳಿ ಬೀಸಿದರೆ ಗಿಡವಿಡೀ ಸರಸರ ಎನ್ನುತ್ತದೆ. ಹಳ್ಳಿಗಳಲ್ಲಿ ಇದರ ಸೊಪ್ಪನ್ನು ಗದ್ದೆಗೆ ತುಳಿಯುತ್ತಾರೆ, ಉಳುಕಿದ ಕಾಲಿಗೆ ಅರೆದು ಕಟ್ಟುತ್ತಾರೆ. ಇದೇ ಗಿಡ ಆಸ್ಟ್ರೇಲಿಯಾದಲ್ಲೂ ಇದೆ. ಅಲ್ಲಿಗೆ ಹೋಗಿ ನೆಲೆಸಿದ ಬಿಳಿಯರು ತಮ್ಮೂರಿನ ಹಾಪ್ಸ್ ಸಿಗದಿದ್ದಾಗ ಇದರ ಕಾಯನ್ನೇ ಬಿಯರಿಗೆ ಹಾಕಿದರು. ಇಂಗ್ಲಿಷಿನಲ್ಲಿ ಇವತ್ತಿಗೂ ಅದು ಹಾಪ್ ಬುಷ್. ಬೆಂಗಳೂರಿನ ದಂಡಿನವರಿಗೆ ಆ ಗತಿ ಬರಲಿಲ್ಲ. ಅವರ ಬಿಯರ್ ಹಡಗು ಹತ್ತಿ ಬರುತ್ತಿತ್ತು. ಕೆಡದಿರಲೆಂದು ಹಾಪ್ಸನ್ನು ಕೈಬಿಚ್ಚಿ ಹಾಕಿ ಕಳಿಸುತ್ತಿದ್ದರು. ಆಮೇಲೆ ಇಲ್ಲೇ ಬ್ರೂವರಿಗಳಾದವು. ಥಾಮಸ್ ಲೀಷ್‌ಮನ್ ಎಂಬಾತ ದಕ್ಷಿಣದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಹೀಗೆ ಬಂದ್ರೆ ಗಿಡವನ್ನು ಯಾರೂ ಮಾತಾಡಿಸಲೇ ಇಲ್ಲ.

ಓದಿದವರು ಚೀಲ ಹಿಡಿದು ಹೊರಟುಬಿಡಬೇಡಿ. ಬಂದ್ರೆ ಅಂಟುವಾಳದ ಕುಲಕ್ಕೆ ಸೇರಿದ್ದು, ಮೈಯಲ್ಲಿ ನೊರೆ ಬರಿಸುವ ಸಾಪೊನಿನ್ ಇದೆ. ನೊರೆ ಬಂದ ಮಾತ್ರಕ್ಕೆ ಬಿಯರ್ ಆಗುವುದಿಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಸೊಪ್ಪು ಕೀಳಲು ಅಪ್ಪಣೆ ಬೇಕು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಕಾಯಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡ ತೊಡಕು ಲೆಕ್ಕದ್ದು. ಹಾಪ್ಸಿನ ಪ್ಯಾಕೆಟ್ಟಿನ ಮೇಲೆ ಅದರ ಆಲ್ಫಾ ಆಮ್ಲ ಶೇಕಡಾ ಎಷ್ಟು ಎಂದು ಅಚ್ಚಾಗಿರುತ್ತದೆ. ಅದನ್ನು ನೋಡಿಯೇ ಬ್ರೂವರಿಯವರು ಎಷ್ಟು ಹಾಕಬೇಕು, ಎಷ್ಟು ಹೊತ್ತು ಕುದಿಸಬೇಕು ಎಂದು ತೀರ್ಮಾನಿಸುತ್ತಾರೆ. ಕುದಿದಾಗಲೇ ಆ ಕಹಿ ಬಿಡುವುದು, ಹುಳಿ ಹಿಡಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುವುದೂ ಅದೇ. ಬಂದ್ರೆ ಕಾಯಿಗೆ ಅಂಥ ಚೀಟಿ ಬರೆದವರಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವುದೇ ಇಂಥ ಕೆಲಸಕ್ಕೆ; ಯಾರಾದರೂ ಹೋಗಿ ಕೇಳಬೇಕು.

ಇನ್ನೊಂದು ಗಿಡವಿದೆ, ಅದರ ಹೆಸರು ಹೇಳಿದರೆ ಮೂಗು ಮುರಿಯುವವರೇ ಹೆಚ್ಚು. ಬಿಳಿಜಾಲಿ. ಅದರ ಒಗರು ಚಕ್ಕೆಯನ್ನು ಬೆಲ್ಲದ ನೀರಿಗೆ ಹಾಕಿ ಕೊಳೆಸಿ ಭಟ್ಟಿ ಇಳಿಸುವುದು ನಮ್ಮ ಬಯಲುಸೀಮೆಯ ಹಳೇ ವಿದ್ಯೆ. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು. ಕುಡಿತದಿಂದ ಮನೆ ಹಾಳಾದ ಹೆಂಗಸರ ಹೋರಾಟ ಅದರ ಹಿಂದಿತ್ತು, ನಿಷೇಧದ ಬಗ್ಗೆ ನನ್ನ ತಕರಾರಿಲ್ಲ. ಆದರೂ ನೋಡಿ: ಕಾಡಿನ ಚಕ್ಕೆ ಹಳ್ಳಿಯ ಮಡಕೆಗೆ ಬಿದ್ದರೆ ಅಬಕಾರಿಯವರ ಬಾಯಲ್ಲಿ ‘ಬೆಲ್ಲದ ಕೊಳೆ’, ತಾಮ್ರದ ಹಂಡೆಗೆ ಬಿದ್ದು ಚೆಂದದ ಬಾಟಲಿಗೆ ಇಳಿದರೆ ‘ಬೊಟಾನಿಕಲ್’.

ಜಿನ್ನಿನ ದಾರಿ ಬೇರೆ, ಸ್ವಲ್ಪ ಸಲೀಸು. ಕಹಿ ಆವಿಯ ಜೊತೆ ಮೇಲೇರುವುದಿಲ್ಲ, ಹಂಡೆಯ ತಳದಲ್ಲೇ ಕೂರುತ್ತದೆ. ಏರುವುದು ಪರಿಮಳ ಮಾತ್ರ. ಹಾಪ್ಸ್ ಹಾಕಿ ಇಳಿಸಿದ ಜಿನ್ನಿನಲ್ಲೂ ಸಿಗುವುದು ನಿಂಬೆ, ಕಿತ್ತಳೆ ಸಿಪ್ಪೆಯ ಜಾತಿಯ ಘಮ, ಬಿಯರಿನ ಕಹಿಯಲ್ಲ. ಜಿನ್ನಿಗೆ ಜುನಿಪರ್ ಕಾಯಿ ಇಲ್ಲದೆ ಆಗುವುದಿಲ್ಲ. ಅದು ಆಯುರ್ವೇದದ ಹಪುಷಾ, ಹೊಟ್ಟೆಯುಬ್ಬರಕ್ಕೆ ಕೊಡುವ ಮದ್ದು. ಬಜೆ, ಹಿಪ್ಪಲಿ ಮಾರುವ ಗ್ರಂಧಿಗೆ ಅಂಗಡಿಯವರಿಗೆ ಪರಿಚಯದ ಸಾಮಾನು. ಅದೂ ಹಿಮಾಲಯದ ಕಡೆಯದೇ ಆದ್ದರಿಂದ ಇಲ್ಲಿನ ಜಿನ್ ಪೂರ್ತಿ ಊರಿನದಾಗಲಾರದು, ಉಳಿದ ಸಂಬಾರವನ್ನು ಊರಿನದು ಮಾಡಿಕೊಳ್ಳಬಹುದು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯವರು ತಮ್ಮ ಜಿನ್ನಿಗೆ ನೀಲಗಿರಿಯ ಚಹಾ ಸೇರಿಸಿ, ನೀಲಗಿರಿಯ ಹೆಸರನ್ನೇ ಇಟ್ಟಿದ್ದಾರೆ.

ನನ್ನನ್ನು ಕೇಳಿದರೆ ಹಾಪ್ಸಿನ ಘಮಕ್ಕೆ ಬದಲಿಯಾಗಿ ಗಾಂಧಿಬಜಾರಿನ ಹೇರಳೆಕಾಯಿ ತೋರಿಸುತ್ತೇನೆ. ಉಗುರು ತಾಗಿಸಿದರೆ ಸಾಕು, ಸಿಪ್ಪೆಯ ಎಣ್ಣೆ ಕಣ್ಣಿಗೇ ಸಿಡಿಯುತ್ತದೆ; ಕಾಡು ಅಲೆಯಬೇಕಿಲ್ಲ, ಅರಣ್ಯದವರ ಅಪ್ಪಣೆಯೂ ಬೇಡ. ಸದ್ಯ ಅದನ್ನು ಆರಿಸಿ ಕೊಳ್ಳುವವರು ಚಿತ್ರಾನ್ನ, ಉಪ್ಪಿನಕಾಯಿಯ ಗಿರಾಕಿಗಳು ಮಾತ್ರ. ಜಿನ್ ಇಳಿಸುವವರೂ ಬುಟ್ಟಿಗೆ ಕೈ ಹಾಕಿದರೆ ರೇಟು ಏರುವುದು ಖಂಡಿತ, ಚೌಕಾಸಿ ಮಾಡುವ ಅಜ್ಜಿಯರಿಂದ ಅವರಿಗೆ ನಾಲ್ಕು ಮಾತು ಬೀಳುವುದೂ ಖಂಡಿತ.